ಪಂಪಿನ ಖರ್ಚನ್ನು ಅಳೆದ ಸುಬ್ಬರಾವ್

ಬೋಧನಾಭ್ಯಾಸಕ್ಕಾಗಿ ನನ್ನನ್ನು ಚನ್ನಗಿರಿ ತಾಲ್ಲೂಕಿನ ಉಬ್ರಾಣಿಗೆ ಹಾಕಿದ್ದರು. ಒಂಬತ್ತನೇ ತರಗತಿಗೆ ಜೀವಕೋಶದ ಪಾಠ. ಕೋಶಪೊರೆಯ ಮೂಲಕ ವಸ್ತುಗಳು ಹೇಗೆ ಒಳಗೆ ಬರುತ್ತವೆ, ಹೇಗೆ ಹೊರಗೆ ಹೋಗುತ್ತವೆ ಎಂಬ ಅಂಶ ಬಂದಾಗ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಇಲ್ಲಿನ ಮಕ್ಕಳಿಗೆ ಉಬ್ರಾಣಿ ಏತ ನೀರಾವರಿ ಗೊತ್ತು. ನಾಲೆಯ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ, ಅದಕ್ಕೆ ಖರ್ಚಿಲ್ಲ. ಭದ್ರೆಯ ನೀರು ಎತ್ತರದ ಕೆರೆಗೆ ಏರಬೇಕಾದರೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು. ಜೀವಕೋಶದಲ್ಲೂ ಹೀಗೆಯೇ. ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ವಸ್ತು ಹೋಗಲು ಖರ್ಚಿಲ್ಲ. ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ತಳ್ಳಬೇಕಾದರೆ ಪೊರೆಯಲ್ಲಿ ಹುದುಗಿರುವ ಪ್ರೋಟೀನು ಪಂಪಿನಂತೆ ಕೆಲಸ ಮಾಡಬೇಕು. ಅದರ ಕರೆಂಟು ಎಟಿಪಿ.

ಪಾಠ ಚೆನ್ನಾಗಿಯೇ ಸಾಗುತ್ತಿತ್ತು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಮನೆಯ ಕರೆಂಟಿಗೆ ಮೀಟರ್ ಇದೆ, ಕೋಶದ ಪಂಪಿಗೆ ಮೀಟರ್ ಎಲ್ಲಿದೆ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ವಿದೇಶದ ವಿಜ್ಞಾನಿಗಳು ದೊಡ್ಡ ಪ್ರಯೋಗಾಲಯಗಳಲ್ಲಿ ಅಳೆದಿದ್ದಾರೆ ಎಂದಷ್ಟೇ ಹೇಳಿ ಮುಂದಿನ ಅಂಶಕ್ಕೆ ಹೋದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು. ಆ ಮೀಟರನ್ನು ನಾನೇ ಕೈಯಾರೆ ಬಳಸಿದ್ದೆ. ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಫಿಸ್ಕ್–ಸುಬ್ಬರಾವ್ ವಿಧಾನದಿಂದ ರಂಜಕವನ್ನು ಅಳೆದು, ನೀಲಿ ಬಣ್ಣದ ರೀಡಿಂಗ್ ಬರೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡಿದ್ದೆ. ಆ ಎರಡನೆಯ ಹೆಸರು ನಮ್ಮ ನೆರೆಯ ಆಂಧ್ರದ ಒಬ್ಬ ಮನುಷ್ಯನದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಮೂರನೇ ಸಲ ಪಾಸಾದ ಹುಡುಗ

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಬಯಲಿನ ಭೀಮವರಂನಲ್ಲಿ. ಅದು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ಹಣವಿಲ್ಲ. ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಕಾಶಿಗೆ ಓಡಿಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುತ್ತೇನೆಂದು ಮನೆ ಬಿಟ್ಟು ಹೊರಟವನನ್ನು ತಾಯಿ ಹಿಡಿದು ತಂದರು ಎಂಬ ಪ್ರಸಂಗವನ್ನು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ತಂದೆ ಬೇಗ ತೀರಿಕೊಂಡರು. ತಾಯಿ ಒಡವೆ ಮಾರಿ ಮಗನನ್ನು ಓದಿಸಿದರು.

ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸುಬ್ಬರಾವ್ ಎರಡು ಸಲ ಫೇಲಾದರು. ಮೂರನೇ ಸಲ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಪಾಸಾದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್ ಮುಗಿಸಿದ ಮೇಲೆ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಆಸೆ ಹುಟ್ಟಿತು. ತಾಯಿ ಒಪ್ಪಲಿಲ್ಲ. ಕೊನೆಗೆ ಮದರಾಸು ವೈದ್ಯಕೀಯ ಕಾಲೇಜು ಸೇರಿದರು. ಸ್ನೇಹಿತರು ಮತ್ತು ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣಮೂರ್ತಿ ಓದಿನ ಖರ್ಚಿಗೆ ನೆರವಾದರು. 1919ರಲ್ಲಿ ಶೇಷಗಿರಿ ಅವರೊಂದಿಗೆ ಮದುವೆಯಾಯಿತು.

ಅದು ಗಾಂಧೀಜಿಯ ಕರೆಗೆ ಯುವಕರು ವಿದೇಶಿ ಬಟ್ಟೆ ಬಿಡುತ್ತಿದ್ದ ಕಾಲ. ಸುಬ್ಬರಾವ್ ಆಪರೇಷನ್ ಕೋಣೆಗೂ ಖಾದಿ ಉಡುಪಿನಲ್ಲಿ ಹೋದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಅವರಿಗೆ ಅದು ಸರಿಬರಲಿಲ್ಲ. ಲಿಖಿತ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದ ವಿದ್ಯಾರ್ಥಿಗೆ ಎಂ.ಬಿ.ಬಿ.ಎಸ್. ಪದವಿ ಸಿಗಲಿಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಸಿಕ್ಕಿತು. ಸರ್ಕಾರಿ ವೈದ್ಯ ಸೇವೆಯ ಬಾಗಿಲು ತೆರೆಯಲಿಲ್ಲ. ಅವರು ಮದರಾಸಿನಲ್ಲಿ ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದರು.

ಈ ವರ್ಷಗಳಲ್ಲೇ ಮನೆಯಲ್ಲಿ ಸಾವು ಬಂತು. ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಇಬ್ಬರು ಸಹೋದರರು ತೀರಿಕೊಂಡರು. ಕರುಳು ಆಹಾರವನ್ನು ಹೀರಿಕೊಳ್ಳದೆ, ರಕ್ತ ಕುಗ್ಗಿ, ಮನುಷ್ಯ ಸೊರಗಿ ಹೋಗುವ ಕಾಯಿಲೆ ಅದು. ವೈದ್ಯನಾಗಿಯೂ ಸುಬ್ಬರಾವ್ ಏನೂ ಮಾಡಲಾಗಲಿಲ್ಲ. ಆ ಕಾಲದಲ್ಲಿ ಅದಕ್ಕೆ ಖಚಿತವಾದ ಮದ್ದೇ ಇರಲಿಲ್ಲ.

ನೀಲಿ ಬಣ್ಣದ ಮೀಟರ್

1922ರ ಅಕ್ಟೋಬರಿನಲ್ಲಿ ಸುಬ್ಬರಾವ್ ಅಮೆರಿಕದ ಬಾಸ್ಟನ್ ತಲುಪಿದರು. ಹೆಂಡತಿ ಊರಿನಲ್ಲೇ ಉಳಿದರು. ಪ್ರಯಾಣಕ್ಕೆ ದತ್ತಿಯೊಂದರ ನೆರವು ಮತ್ತು ಮಾವನ ಮನೆಯ ಹಣ. ಹಾರ್ವರ್ಡಿನ ಉಷ್ಣವಲಯ ವೈದ್ಯಕೀಯ ಶಾಲೆಗೆ ಸೇರಿದರೂ ವಿದ್ಯಾರ್ಥಿವೇತನ ಇರಲಿಲ್ಲ. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವುದೂ ಆ ಕೆಲಸದಲ್ಲಿ ಸೇರಿತ್ತು. ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರ ಬಳಿ ಕೆಲಸಕ್ಕೆ ಸೇರಿದರು.

ಅವರ ಮುಂದಿದ್ದ ಕೆಲಸ ಚಿಕ್ಕದಾಗಿ ಕಾಣುವಂಥದ್ದು. ರಕ್ತ, ಮೂತ್ರ, ಅಂಗಾಂಶಗಳಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ಸುಲಭ ವಿಧಾನ ಬೇಕಿತ್ತು. ನಮ್ಮ ಮಕ್ಕಳಿಗೆ ರಂಜಕ ಎಂದರೆ ತೋಟಕ್ಕೆ ಹಾಕುವ ಡಿಎಪಿ ಚೀಲ ನೆನಪಾಗುತ್ತದೆ. ಗಿಡಕ್ಕೆ ಬೇಕಾದ ಆ ಫಾಸ್ಫೇಟೇ ನಮ್ಮ ಕೋಶಕ್ಕೂ ಬೇಕು. ಫಿಸ್ಕ್ ಮತ್ತು ಸುಬ್ಬರಾವ್ 1925ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ದ್ರಾವಣಕ್ಕೆ ಆಮ್ಲ ಮತ್ತು ಅಮೋನಿಯಂ ಮಾಲಿಬ್ಡೇಟ್ ಹಾಕಿದರೆ ಅದು ಫಾಸ್ಫೇಟಿನೊಂದಿಗೆ ಕೂಡಿಕೊಳ್ಳುತ್ತದೆ. ಅದಕ್ಕೆ ಅಪಕರ್ಷಕವೊಂದನ್ನು ಸೇರಿಸಿದರೆ ನೀಲಿ ಬಣ್ಣ ಬರುತ್ತದೆ. ಫಾಸ್ಫೇಟ್ ಹೆಚ್ಚಿದ್ದಷ್ಟೂ ನೀಲಿ ಗಾಢ. ನಾನು ಪರೀಕ್ಷಾನಳಿಕೆಯಲ್ಲಿ ಕಂಡದ್ದು ಆ ನೀಲಿಯನ್ನೇ.

ಮುಂದೆ ನಡೆದದ್ದನ್ನು ವಿಜ್ಞಾನ ಶಿಕ್ಷಕರಾಗುವವರು ಗಮನಿಸಬೇಕು. ಸ್ನಾಯುವಿನ ರಸವನ್ನು ಈ ವಿಧಾನದಿಂದ ಅಳೆಯುವಾಗ ಬಣ್ಣ ತಕ್ಷಣ ನಿಲ್ಲಲಿಲ್ಲ, ನಿಧಾನವಾಗಿ ಏರುತ್ತಾ ಹೋಯಿತು. ನಮ್ಮ ಪ್ರಯೋಗಾಲಯದಲ್ಲಿ ಹೀಗಾಗಿದ್ದರೆ ರೀಡಿಂಗ್ ತಪ್ಪಾಯಿತೆಂದು ನಳಿಕೆ ತೊಳೆದು ಮತ್ತೆ ಮಾಡುತ್ತಿದ್ದೆವು. ಅವರು ತೊಳೆಯಲಿಲ್ಲ. ಸ್ನಾಯುವಿನಲ್ಲಿ ಫಾಸ್ಫೇಟನ್ನು ಸಡಿಲವಾಗಿ ಹಿಡಿದುಕೊಂಡ ಯಾವುದೋ ವಸ್ತು ಇರಬೇಕು, ಅದು ಒಡೆಯುತ್ತಿದ್ದಂತೆ ಫಾಸ್ಫೇಟ್ ಬಿಡುಗಡೆಯಾಗಿ ಬಣ್ಣ ಏರುತ್ತಿದೆ ಎಂದು ಊಹಿಸಿ ಹುಡುಕಿದರು. 1927ರಲ್ಲಿ ಫಾಸ್ಫೋಕ್ರಿಯೇಟಿನ್ ಸಿಕ್ಕಿತು. ಅದೇ ಸುಮಾರಿಗೆ ಇಂಗ್ಲೆಂಡಿನಲ್ಲಿ ಎಗಲ್ಟನ್ ದಂಪತಿಗಳು ಪ್ರತ್ಯೇಕವಾಗಿ ಇದನ್ನೇ ಕಂಡಿದ್ದರು. 1929ರಲ್ಲಿ ಫಿಸ್ಕ್ ಮತ್ತು ಸುಬ್ಬರಾವ್ ಸ್ನಾಯುವಿನಿಂದ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಮೂರು ಫಾಸ್ಫೇಟುಗಳ ಸರಪಣಿಯಿರುವ ಆ ವಸ್ತುವೇ ಎಟಿಪಿ. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಅದೇ ವರ್ಷ ಅದನ್ನು ಕಂಡರು. ಅಲ್ಲಿಯವರೆಗೆ ಸ್ನಾಯುವಿನ ಬಲಕ್ಕೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂದು ವಿದ್ವಾಂಸರು ನಂಬಿದ್ದರು. ಆ ನಂಬಿಕೆ ಮುಂದಿನ ವರ್ಷಗಳಲ್ಲಿ ಬಿದ್ದುಹೋಯಿತು.

ಪೊರೆಯ ಪಂಪುಗಳ ಕುಟುಂಬ

ಇಲ್ಲಿಂದ ಮತ್ತೆ ಕೋಶಪೊರೆಗೆ ಬರೋಣ. ಎಟಿಪಿಯ ಕೊನೆಯ ಫಾಸ್ಫೇಟ್ ಕಳಚಿದಾಗ ಶಕ್ತಿ ಸಿಗುತ್ತದೆ. ಆ ಶಕ್ತಿಯಿಂದ ಪೊರೆಯ ಪಂಪು ಕೆಲಸ ಮಾಡುತ್ತದೆ. ಹಾಗಾದರೆ ಪಂಪಿನ ಖರ್ಚು ತಿಳಿಯಲು ಕಳಚಿದ ಫಾಸ್ಫೇಟನ್ನು ಎಣಿಸಿದರೆ ಸಾಕು. ಹುಡುಗಿ ಕೇಳಿದ ಮೀಟರ್ ಇದೇ. ದಶಕಗಳ ಕಾಲ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಪೊರೆಯ ಪಂಪುಗಳ ಕೆಲಸವನ್ನು ಫಿಸ್ಕ್–ಸುಬ್ಬರಾವ್ ವಿಧಾನದ ನೀಲಿ ಬಣ್ಣದಿಂದಲೇ ಅಳೆದರು.

1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಇಂಥ ಮೊದಲ ಪಂಪನ್ನು ಗುರುತಿಸಿದರು. ಅದು ಸೋಡಿಯಂ–ಪೊಟ್ಯಾಸಿಯಂ ಪಂಪು. ಒಂದು ಎಟಿಪಿ ಖರ್ಚು ಮಾಡಿ 3 ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳುತ್ತದೆ, 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ನರದಲ್ಲಿ ಸಂದೇಶ ಹರಿಯುವುದೂ ಕೋಶ ಊದಿಕೊಂಡು ಒಡೆಯದಿರುವುದೂ ಈ ಪಂಪಿನ ದೆಸೆಯಿಂದ. ನಾವು ಸುಮ್ಮನೆ ಮಲಗಿದ್ದಾಗಲೂ ದೇಹದ ಶಕ್ತಿಯ ಸುಮಾರು ಐದನೇ ಒಂದು ಭಾಗ ಈ ಒಂದೇ ಪಂಪಿಗೆ ಹೋಗುತ್ತದೆ. ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಹುಮಾನ ಬಂತು.

ಈ ಪಂಪಿಗೆ ಬಂಧುಗಳಿದ್ದಾರೆ. ಕೆಲಸ ಮಾಡುವಾಗ ಇವೆಲ್ಲವೂ ಎಟಿಪಿಯ ಫಾಸ್ಫೇಟನ್ನು ಕ್ಷಣಕಾಲ ತಮ್ಮ ಮೈಗೇ ಅಂಟಿಸಿಕೊಳ್ಳುತ್ತವೆ, ಅಂಟಿಸಿಕೊಂಡು ಆಕಾರ ಬದಲಿಸುತ್ತವೆ, ಆ ಬದಲಾವಣೆಯಲ್ಲಿ ಅಯಾನನ್ನು ಪೊರೆಯ ಆಚೆಗೆ ದಾಟಿಸುತ್ತವೆ. ಫಾಸ್ಫೇಟ್ ಅಂಟುವುದರಿಂದಲೇ ಈ ಕುಟುಂಬಕ್ಕೆ ಪಿ-ಮಾದರಿ ಎಟಿಪಿಯೇಸ್ ಎಂಬ ಹೆಸರು. ಪಿ ಎಂದರೆ ರಂಜಕದ ಸಂಕೇತ. ಸುಬ್ಬರಾವ್ ಅಳೆಯಲು ಕುಳಿತ ಧಾತುವೇ ಕುಟುಂಬದ ಹೆಸರಾಯಿತು.

ಕುಟುಂಬದ ಸದಸ್ಯರನ್ನು ತರಗತಿಯಲ್ಲಿ ಪರಿಚಯಿಸುವುದು ಕಷ್ಟವಲ್ಲ. ಸ್ನಾಯು ಸಂಕುಚಿಸಿದ ಮೇಲೆ ಕ್ಯಾಲ್ಸಿಯಮ್ಮನ್ನು ಮತ್ತೆ ಉಗ್ರಾಣಕ್ಕೆ ತುಂಬಿ ಸ್ನಾಯುವನ್ನು ಸಡಿಲಿಸುವುದು ಕ್ಯಾಲ್ಸಿಯಂ ಪಂಪು. ಜಠರದಲ್ಲಿ ಆಮ್ಲ ಸುರಿಯುವುದು ಇನ್ನೊಂದು. ಹೊಟ್ಟೆ ಉರಿಗೆಂದು ಮನೆಮನೆಯಲ್ಲಿ ನುಂಗುವ ಪ್ಯಾಂಟೊಪ್ರಜೋಲ್ ಮಾತ್ರೆ ಆ ಪಂಪನ್ನು ತಡೆಯುತ್ತದೆ. ಹೃದಯ ದುರ್ಬಲವಾದವರಿಗೆ ವೈದ್ಯರು ಅಳತೆ ನೋಡಿ ಕೊಡುವ ಡಿಜಾಕ್ಸಿನ್ ಸೋಡಿಯಂ–ಪೊಟ್ಯಾಸಿಯಂ ಪಂಪಿನ ಮೇಲೆ ಕೆಲಸ ಮಾಡುತ್ತದೆ. ನಮ್ಮ ರಸ್ತೆ ಬದಿಯ ಕಣಗಿಲೆಯಲ್ಲಿರುವ ವಿಷವೂ ಅದೇ ಪಂಪನ್ನು ಹಿಡಿಯುತ್ತದೆ. ಕಣಗಿಲೆ ಬಾಯಿಗೆ ಹಾಕಬಾರದೆಂದು ಹಿರಿಯರು ಹೇಳುವುದಕ್ಕೆ ಕಾರಣ ಕೋಶಪೊರೆಯಲ್ಲಿದೆ.

ಅಕ್ಷರ ಕೆಟ್ಟ ಮಗು

ಈ ಕುಟುಂಬದ ಒಂದು ಪಂಪು ಶಿಕ್ಷಕರಾದ ನಮಗೆ ತೀರಾ ಹತ್ತಿರದ್ದು. ಅದು ತಾಮ್ರದ ಪಂಪು. ಆಹಾರದಿಂದ ಬಂದ ಹೆಚ್ಚುವರಿ ತಾಮ್ರವನ್ನು ಯಕೃತ್ತಿನ ಕೋಶಗಳು ಇದರ ಮೂಲಕ ಪಿತ್ತರಸಕ್ಕೆ ಹಾಕಿ ಹೊರಗೆ ಕಳಿಸುತ್ತವೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬಂದರೆ ಪಂಪು ಸರಿಯಾಗಿ ಕೆಲಸ ಮಾಡುವುದಿಲ್ಲ. ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ, ಕಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಇದು ವಿಲ್ಸನ್ ಕಾಯಿಲೆ. 1912ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರೇ ಇದಕ್ಕಿದೆ. ಕಾರಣವಾದ ಪಂಪಿನ ಜೀನು ಸಿಕ್ಕಿದ್ದು 1993ರಲ್ಲಿ.

ಇದು ಅಪರೂಪದ ಕಾಯಿಲೆ. ಆದರೂ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ರಕ್ತಸಂಬಂಧದಲ್ಲಿ ಮದುವೆಯಾಗುವ ಕುಟುಂಬಗಳಲ್ಲಿ ಇಂಥ ಕಾಯಿಲೆಯ ಸಾಧ್ಯತೆ ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಕಾಯಿಲೆ ಹಲವು ಸಲ ಶಾಲೆಯ ವಯಸ್ಸಿನಲ್ಲೇ ತಲೆಯೆತ್ತುತ್ತದೆ. ಚೆನ್ನಾಗಿ ಬರೆಯುತ್ತಿದ್ದ ಮಗುವಿನ ಅಕ್ಷರ ಕೆಡುತ್ತದೆ. ಮಾತು ತೊದಲುತ್ತದೆ, ಕೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಸ್ವಭಾವ ಬದಲಾಗುತ್ತದೆ, ಅಂಕ ಇಳಿಯುತ್ತದೆ. ಬೇಗ ಗುರುತಿಸಿದರೆ ತಾಮ್ರವನ್ನು ಹೊರಹಾಕುವ ಪೆನಿಸಿಲಮೈನ್, ತಾಮ್ರ ಒಳಸೇರದಂತೆ ಮಾಡುವ ಸತುವಿನ ಔಷಧಗಳಿವೆ. ಜೀವನಪೂರ್ತಿ ತೆಗೆದುಕೊಂಡರೆ ಬಹಳಷ್ಟು ಮಂದಿ ಎಲ್ಲರಂತೆ ಬದುಕುತ್ತಾರೆ. ತಡವಾದರೆ ಯಕೃತ್ತು, ಮಿದುಳು ಎರಡೂ ಕೆಡುತ್ತವೆ.

ಬೋಧನಾಭ್ಯಾಸದಲ್ಲಿ ನಾನು ಎಷ್ಟೋ ನೋಟ್‌ಬುಕ್ಕುಗಳಲ್ಲಿ ಅಕ್ಷರ ಸುಧಾರಿಸಬೇಕು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಒಬ್ಬ ಮಗುವಿನದಾದರೂ ಹಳೆಯ ನೋಟ್‌ಬುಕ್ ತರಿಸಿ ಹೋಲಿಸಿ ನೋಡಲಿಲ್ಲ. ಮಕ್ಕಳ ಅಕ್ಷರ ಕೆಡಲು ಸಾಮಾನ್ಯವಾಗಿ ಬೇರೆ ಕಾರಣಗಳಿರುತ್ತವೆ, ಕಾಯಿಲೆಯೆಂದು ಹೆದರಿಸುವುದು ನಮ್ಮ ಕೆಲಸವಲ್ಲ. ಮೊದಲು ಚೆನ್ನಾಗಿದ್ದದ್ದು ಕೆಲವೇ ತಿಂಗಳಲ್ಲಿ ಕೆಟ್ಟಿದ್ದರೆ, ಜೊತೆಗೆ ಮಾತು ಅಥವಾ ನಡಿಗೆಯೂ ಬದಲಾಗಿದ್ದರೆ, ಬೈಯುವ ಮೊದಲು ಪೋಷಕರನ್ನು ಕರೆಸಿ ವೈದ್ಯರಿಗೆ ತೋರಿಸಿ ಎಂದು ಹೇಳುವುದು ನಮ್ಮ ಕೆಲಸ. ಏರುತ್ತಿದ್ದ ನೀಲಿ ಬಣ್ಣವನ್ನು ತಪ್ಪೆಂದು ಚೆಲ್ಲದೆ ಸುಬ್ಬರಾವ್ ಕಾದು ನೋಡಿದರಲ್ಲ, ನಾವೂ ಅಷ್ಟು ನೋಡಿದರೆ ಸಾಕು.

ಕೊನೆಯ ವರ್ಷಗಳು

ಸುಬ್ಬರಾವ್ 1930ರಲ್ಲಿ ಹಾರ್ವರ್ಡಿನಿಂದ ಪಿಎಚ್.ಡಿ. ಪಡೆದರು. ಆದರೆ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಪ್ರಯೋಗಾಲಯ ಸೇರಿ, ಅದರ ಸಂಶೋಧನಾ ನಿರ್ದೇಶಕರಾದರು. ಅಲ್ಲಿ ಅವರ ತಂಡ ಮಾಡಿದ ಕೆಲಸ ಒಬ್ಬ ಮನುಷ್ಯನ ಎಂಟು ವರ್ಷಕ್ಕೆ ಬಹಳ ದೊಡ್ಡದು.

1945ರ ಹೊತ್ತಿಗೆ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಮದ್ದಾಯಿತು. ಸಹೋದರರ ಸಾವಿಗೆ ಎರಡು ದಶಕಗಳ ಮೇಲೆ ಸಿಕ್ಕಿದ ಉತ್ತರ ಅದು. ಇಂದು ಗರ್ಭಿಣಿಯರಿಗೂ ನಮ್ಮ ಶಾಲೆಯ ಮಕ್ಕಳಿಗೂ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರುವುದು ಇದೇ ಫೋಲಿಕ್ ಆಮ್ಲ. ಅದನ್ನೇ ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡಬರುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನೂ ತಂಡ ತಯಾರಿಸಿತು. ಫೋಲಿಕ್ ಆಮ್ಲದ ಬಳಗಕ್ಕೆಂದು ಪೊರೆಯಲ್ಲಿರುವ ವಾಹಕ ಪ್ರೋಟೀನಿನ ಮೂಲಕವೇ ಅದು ಕೋಶದೊಳಗೆ ನುಸುಳಿ ಕ್ಯಾನ್ಸರ್ ಕೋಶಗಳ ಬೆಳವಣಿಗೆ ತಡೆಯುತ್ತದೆ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು, ಕೆಲವರಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಂದೆ ಸರಿದದ್ದನ್ನು 1948ರಲ್ಲಿ ಪ್ರಕಟಿಸಿದರು. ಅದರ ಹತ್ತಿರದ ಸಂಬಂಧಿ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಆನೆಕಾಲು ರೋಗಕ್ಕೆ ಕಲಬುರಗಿ, ಬೀದರ್ ಕಡೆಯಲ್ಲೂ ಕರಾವಳಿಯಲ್ಲೂ ಆರೋಗ್ಯ ಇಲಾಖೆಯವರು ಮನೆಮನೆಗೆ ಹಂಚಿದ ಡಿಇಸಿ ಮಾತ್ರೆ ಬಂದದ್ದು ಕೂಡ ಅವರ ನಿರ್ದೇಶನದ ಕಾಲದ ಲೆಡರ್ಲೆಯಿಂದ. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಆರಿಯೋಮೈಸಿನ್ ಬಂದದ್ದೂ ಅಲ್ಲಿಂದಲೇ, ಅದನ್ನು ಕಂಡವರು ಬೆಂಜಮಿನ್ ಡಗ್ಗರ್.

1948ರ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. 1922ರಲ್ಲಿ ಊರು ಬಿಟ್ಟವರು ಮತ್ತೆ ಭಾರತಕ್ಕೆ ಬರಲೇ ಇಲ್ಲ. ಸ್ವತಂತ್ರ ಭಾರತವನ್ನು ಅವರು ಕಣ್ಣಾರೆ ಕಾಣಲಿಲ್ಲ. ಶೇಷಗಿರಿ ಕಾದದ್ದು ಕಾದಂತೆಯೇ ಉಳಿಯಿತು. ಈ ಭಾಗವನ್ನು ಮಕ್ಕಳಿಗೆ ಹೇಳುವಾಗ ಮುಚ್ಚಿಡಬಾರದೆಂದು ನನ್ನ ಅನಿಸಿಕೆ. ಅವರ ಸಾಧನೆಯ ಬೆಲೆಯಲ್ಲಿ ಒಂದು ಪಾಲನ್ನು ಊರಿನಲ್ಲಿದ್ದ ಒಬ್ಬ ಹೆಣ್ಣುಮಗಳು ತೆತ್ತಿದ್ದಾರೆ. ಜನ್ಮಶತಾಬ್ದಿಯ 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಮುಂದಿನ ವಾರ ಅದೇ ತರಗತಿಗೆ ಹೋದಾಗ ನಾನು ಮೊದಲು ಆ ಹುಡುಗಿಯ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಹೋದ ಸಲ ನನಗೆ ಉತ್ತರ ಗೊತ್ತಿರಲಿಲ್ಲವೆಂದು ಒಪ್ಪಿಕೊಂಡೆ. ಕೋಶಪೊರೆಯ ಚಿತ್ರ ಬರೆದು, ಅದರಲ್ಲಿ ಪಂಪನ್ನು ಕೂರಿಸಿ, ಕಳಚಿ ಬೀಳುವ ಫಾಸ್ಫೇಟನ್ನು ನೀಲಿ ಸೀಮೆಸುಣ್ಣದಲ್ಲಿ ತೋರಿಸಿದೆ. ಪಕ್ಕದಲ್ಲಿ ಸುಬ್ಬರಾವ್ ಹೆಸರು, ಕೆಳಗೆ ಭೀಮವರಂ ಎಂದು ಬರೆದೆ. ಅವರು ಎರಡು ಸಲ ಫೇಲಾಗಿದ್ದರು ಎಂದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. ಹಿಂದೆ ಕುಳಿತ ಇಬ್ಬರು ಹುಡುಗರು ತಲೆಯೆತ್ತಿ ಹಲಗೆ ನೋಡಿದರು. ಪಾಠಯೋಜನೆಯ ಕೊನೆಯಲ್ಲಿ ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ ಬರೆದುಕೊಂಡಿದ್ದೆ. ನಾಲ್ಕನೆಯದನ್ನು ಆ ಹುಡುಗಿಯೇ ಕೇಳಿದಳು. ಕರೆಂಟು ಹೋದಾಗ ಊರಿನ ಪಂಪು ನಿಲ್ಲುತ್ತದೆ, ಎಟಿಪಿ ಮುಗಿದರೆ ಕೋಶದ ಪಂಪು ಏನಾಗುತ್ತದೆ ಎಂದು. ಅದಕ್ಕೆ ಉತ್ತರ ಹುಡುಕಿಕೊಂಡು ಬರಲು ಇಡೀ ತರಗತಿಗೆ ಮನೆಗೆಲಸ ಕೊಟ್ಟೆ. ಈ ಸಲ ನಾನೂ ಓದಿಕೊಂಡು ಹೋದೆ.